ಸ್ಟ್ರಾದೊಳಗೆ ಬೇಸಿಗೆ ತುಂಬುತ್ತಿದ್ದ ಅಕ್ಕೋರು

ನಮ್ಮ ಹೋಟೆಲಿಗೆ ಬಂದು, ಮಿಲ್ಕ್‌ಶೇಕ್ ಬೇಡ, ಬರೀ ಸ್ಟ್ರಾ ಕೊಡಿ ಎಂದು ಕೇಳಿದ ಗಿರಾಕಿ ಮಹಾದೇವಿ ಅಕ್ಕೋರೊಬ್ಬರೇ. ಅದೂ ಕಾಗದದ್ದೇ ಆಗಬೇಕು, ದಪ್ಪದ್ದೇ ಆಗಬೇಕು. ಕೊಟ್ಟದ್ದನ್ನು ಬೆಳಕಿಗೆ ಹಿಡಿದು, ದುರ್ಬೀನಿನಲ್ಲಿ ನೋಡುವಂತೆ ಒಂದು ಕಣ್ಣು ಮುಚ್ಚಿ ಒಳಗಿಣುಕಿ, "ಹಾಂ! ಇದು ಬರೋಬರ್ ಅದ!" ಎಂದು ಕೂಗಿದರು. ಪಕ್ಕದ ಟೇಬಲ್ಲಿನವರ ಕೈಯಲ್ಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು.

ಕುಂದಾಪುರದ ಕಡೆಯಿಂದ ಬಂದು ನಾಶಿಕ್‌ನಲ್ಲಿ ನೆಲೆಯಾದ ನನ್ನ ಅಪ್ಪ, ಬೇರೆ ಸಾವಿರ ಥರದ ಗಿರಾಕಿಗಳನ್ನು ಕಂಡವರು, ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಬಂದರು. "ಕುಡೂಕೆ ಎಂತದೂ ಬ್ಯಾಡ್ದಾ? ಬರೀ ನಳಿಗೆ ತಕಂಡ್ ಎಂತ ಮಾಡ್ತ್ರಿ ಮಾರಾಯ್ರೆ?"

"ಬ್ಯಾಸಿಗಿ ತುಂಬ್ತೀನ್ರಿ ಅಣ್ಣಾರ," ಎಂದರು ಅಕ್ಕೋರು.

ತಮಾಷೆಗೆ ಹೇಳಿದ್ದಲ್ಲ. ಅವರು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು; ಛತ್ರಪತಿ ಸಂಭಾಜಿನಗರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಕಲಿಸುವ ಹೆಂಗಸಿಗೆ ಅವರ ಊರಲ್ಲಿ ಅಕ್ಕೋರು ಎನ್ನುವ ರೂಢಿ, ನಾವೂ ಹಾಗೇ ಕರೆದೆವು. ರಜೆ ಸಿಕ್ಕರೆ ಸಾಕು, ಮನ್ಮಾಡ್ ಮೇಲೆ ರೈಲು ಹಿಡಿದು ನಾಶಿಕ್‌ಗೆ ಬಂದು, ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಪೇಠ್ ಕಡೆಯ ಕಾಡಿಗೆ ಹೋಗುತ್ತಿದ್ದರು. ಅಲ್ಲಿ ಟೊಳ್ಳು ಬೈರಿಗೆಯೊಂದನ್ನು ತೇಗದ ಮರಕ್ಕೆ ಕೈಯಿಂದಲೇ ತಿರುಗಿಸಿ ತಿರುಗಿಸಿ ಇಳಿಸಿ, ಪೆನ್ಸಿಲ್ಲಿಗಿಂತ ಸಪೂರದ ಕಡ್ಡಿಯೊಂದನ್ನು ಹೊರಗೆಳೆಯುವರು. ಮರಕ್ಕೆ ಅಪಾಯವಿಲ್ಲ. ಕಡ್ಡಿ ಮುರಿಯದಂತೆ ಊರಿಗೊಯ್ಯಲು ನಮ್ಮ ಸ್ಟ್ರಾ. ಕಡ್ಡಿಯ ತುಂಬ ಅಡ್ಡಗೆರೆಗಳು, ವರ್ಷಕ್ಕೊಂದು.

"ಇಲ್ ನೋಡು ತಂಗಿ," ಎಂದು ನನ್ನ ಮೂಗಿಗೇ ತಾಗಿಸಿ ತೋರಿಸುವರು. "ಬ್ಯಾಸಿಗಿ ಭಾಳ ಕಾದ್ರ ನೆಲ ಒಣಗ್ತದ, ಮರ ಕೈ ಬಿಗಿ ಹಿಡಿತದ. ಆ ವರ್ಷದ ಗೆರಿ ಸಣ್ಣದು. ಮಳಿದೂ ಕೈ ಇರ್ತದ, ಬರೇ ಬಿಸಿಲಿಂದಲ್ಲ. ಎರಡೂ ಬ್ಯಾರೆ ಮಾಡೋದ್ರಾಗೇ ನನ್ನ ತಲಿ ಬೆಳ್ಳಗಾತು!"

ಅವರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಭೂಮಿಯ ಆ ಮಗ್ಗುಲಲ್ಲಿ, ಪೆರು ದೇಶದ ಆಚೆಗಿನ ಸಮುದ್ರ ಬಿಸಿಯಾದರೆ ನಮ್ಮ ಪೇಠ್‌ನ ತೇಗಕ್ಕೆ ಗೊತ್ತಾಗುತ್ತದೆ ಎಂಬುದು ಅವರ ವಾದ. ಆ ಸಾಗರದ ದ್ವೀಪಗಳ ಹವಳಗಳಲ್ಲೂ ವರ್ಷಕ್ಕೊಂದು ಪದರ ಕೂಡುತ್ತದಂತೆ. ಮರದ ಗೆರೆಯನ್ನೂ ಬೇರೆಯವರು ಅಳೆದಿಟ್ಟ ಹವಳದ ಪದರವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎಂದೂ ಮುಖ ಕಾಣದ ಇಬ್ಬರು ಒಂದೇ ಸುದ್ದಿ ಹೇಳಿದಂತೆ! ಇದನ್ನು ವಿವರಿಸುವಾಗ ಅವರ ಧ್ವನಿ ಅಡುಗೆಮನೆಯ ಮಿಕ್ಸರನ್ನೂ ಮೀರುತ್ತಿತ್ತು.

ಮಾರ್ಚ್ ಬಂತೆಂದರೆ ಅಪ್ಪನಿಗೆ ಫೋನು. "ಅಣ್ಣಾರ, ಪೆರು ಸಮುದ್ರ ಕಾದದ. ಮಜ್ಜಿಗಿ ಜಾಸ್ತಿ ಮಾಡ್ರಿ!"

"ನಮ್ ಸಮುದ್ರ ಕುಂದಾಪ್ರದಲ್ ಇತ್ತ್, ಅದ್ ಬಿಟ್ಟ್ ಬೇರೆ ನಂಗೊತ್ತಿಲ್ಲ," ಎಂದು ಅಪ್ಪ ಗೊಣಗಿದರೂ ಮಜ್ಜಿಗೆ ಹೆಚ್ಚಿಸುತ್ತಿದ್ದರು. ಬಹಳ ಸಲ ಅಕ್ಕೋರ ಮಾತು ನಿಜವಾಗುತ್ತಿತ್ತು. ಆಗದ ವರ್ಷ ಮನೆಮಂದಿಗೆಲ್ಲ ಮಜ್ಜಿಗೆ ಹುಳಿಯೇ ಗತಿ. ಅಪ್ಪ ಸಿಟ್ಟಿನಿಂದ ಫೋನು ಮಾಡಿದರೆ ಆ ಕಡೆಯಿಂದ ಸಂಭ್ರಮ: "ಸುಳ್ಳಾತೇನ್ರಿ? ಭಾಳ ಛಲೋ ಆತು! ಯಾಕ ಸುಳ್ಳಾತು ಅಂತ ಈಗ ಹುಡುಕಬೇಕು!" ತಾನು ತಪ್ಪಿದ್ದಕ್ಕೆ ಇಷ್ಟು ಹಿಗ್ಗುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆದರೆ ಒಂದು ಕೊರಗಿತ್ತು. ಅವರಿಗೆ ಸಿಕ್ಕ ಮರಗಳೆಲ್ಲ ಈಚಿನವು. ಇಷ್ಟು ಕಡಿಮೆ ವರ್ಷಗಳನ್ನು ನೋಡಿ ಪೆರುವಿಗೂ ಪೇಠ್‌ಗೂ ನಂಟು ಕಟ್ಟಬೇಡಿ ಎಂದು ಓರಗೆಯ ಪ್ರಾಧ್ಯಾಪಕರು ನಗುತ್ತಿದ್ದರು. ನಿವೃತ್ತಿ ಹತ್ತಿರವಿತ್ತು. ಅಷ್ಟರೊಳಗೆ ಹಳೆಯ ಬೇಸಿಗೆಗಳು ಸಿಗಬೇಕಿತ್ತು.

ಅದೇ ಹೊತ್ತಿಗೆ ನಮ್ಮ ಹೋಟೆಲಿದ್ದ ಹಳೆಯ ವಾಡೆಯ ಮಾಡು ಬಿಚ್ಚಿಸಿದೆವು. ತೇಗದ ತೊಲೆಗಳು ಇಳಿದವು. ಸುದ್ದಿ ಕೇಳಿ ಅಕ್ಕೋರು ಫೋನಿನಲ್ಲೇ ಹಾರಿಬರುವುದೊಂದು ಬಾಕಿ. "ಒಂದು ತುಂಡು ಕೊಯ್ಸಿ ಇಡ್ರಿ ಅಣ್ಣಾರ, ನಾ ಹೊಂಟೆ!"

ಇಲ್ಲಿ ಅಪ್ಪ ಹೋಟೆಲಿನವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದರು. ಗಿರಾಕಿಯ ಮುಂದೆ ಇಡುವ ಯಾವುದೇ ವಸ್ತು ತೊಳೆದು ಒರೆಸದೆ ಅಡುಗೆಮನೆ ದಾಟಬಾರದು ಎಂಬುದು ಅವರ ಜನ್ಮದ ವ್ರತ. ಬಡಗಿಯನ್ನು ಕೂರಿಸಿ, ತುಂಡಿನ ಅಂಚಿನಲ್ಲಿ ಹುಳ ತಿಂದ ಮಾಸಲು ಭಾಗವನ್ನೆಲ್ಲ ಕೆತ್ತಿಸಿ, ಮಿರಮಿರನೆ ಪಾಲಿಶ್ ಹೊಡೆಸಿ, ಬಾಳೆಲೆಯ ಮೇಲಿಟ್ಟು ಕಾದರು.

ಅಕ್ಕೋರು ಬಂದು ನೋಡಿದರು. ಮೊದಲ ಬಾರಿಗೆ ಅವರ ಧ್ವನಿ ಸಣ್ಣದಾಯಿತು. "ಅಣ್ಣಾರ, ತೊಗಟಿ ಕಡೀ ಅಂಚು ಎಲ್ಲಿ ಹೋತ್ರಿ?"

"ಹುಳ ಹಿಡ್ದಿತ್ತ್, ತೆಗ್ಸಿದೆ," ಎಂದರು ಅಪ್ಪ ಹೆಮ್ಮೆಯಿಂದ.

ಮರ ಕಡಿದ ಹೊತ್ತಿನ ಕೊನೆಯ ಗೆರೆಗಳಿರುವುದೇ ಆ ಅಂಚಿನಲ್ಲಿ. ಅವು ಕಾಡಿನ ಮರಗಳ ಮೊದಲ ಗೆರೆಗಳಿಗೆ ಹೊಂದಿದರೆ ಮಾತ್ರ ಎರಡೂ ಒಂದೇ ಸಾಲಾಗುತ್ತವೆ. "ಅದು ಹೋದ್ರ ಉಳಿದ ಬ್ಯಾಸಿಗಿ ಎಲ್ಲಾ ವಿಳಾಸ ಇಲ್ದಂಗಾತು," ಎಂದು ಅಕ್ಕೋರು ಕುರ್ಚಿಯಲ್ಲಿ ಕುಸಿದರು. ಮಿಕ್ಕ ತೊಲೆಗಳು? ಅವು ಬೆಳಿಗ್ಗೆಯಷ್ಟೇ ದೇವಳಾಲಿ ಕ್ಯಾಂಪ್ ಕಡೆಯ ಕೊಯ್ಯುವ ಮಿಲ್ಲಿಗೆ ಲೋಡಾಗಿ ಹೋಗಿದ್ದವು.

"ತಂಗಿ, ಗಾಡಿ ತಗಿ!"

ನನ್ನ ಸ್ಕೂಟರ್ ಆ ದಿನ ಓಡಿದಂತೆ ಮತ್ತೆಂದೂ ಓಡಿಲ್ಲ. ಹಿಂದೆ ಕೂತ ಅಕ್ಕೋರು ಮಡಿಸಿದ ಕೊಡೆಯನ್ನು ಮುಂದೆ ಚಾಚಿ ದಾರಿ ಬಿಡಿಸುತ್ತಿದ್ದರು. ಮಿಲ್ಲು ಮುಟ್ಟಿದಾಗ ಗರಗಸ ಗಿರ್ರೆನ್ನುತ್ತಿತ್ತು. ಅದರ ಬಾಯಿಗೆ ನಮ್ಮದೇ ತೊಲೆ ಸಾಗುತ್ತಿತ್ತು. ಅಕ್ಕೋರು ಸೆರಗು ಸಿಕ್ಕಿಸಿ "ಥಾಂಬಾ! ಥಾಂಬಾ!" ಎಂದು ಅಬ್ಬರಿಸಿದ ಅಬ್ಬರಕ್ಕೆ ಗರಗಸವೇ ನಿಂತಿತು. ಚೌಕ ಕೆತ್ತಿದ ಆ ತೊಲೆಯ ಒಂದು ಮೂಲೆಯಲ್ಲಿ, ವಾಡೆ ಕಟ್ಟಿದ ಕಾಲದ ಬಡಗಿಯ ಉಳಿಗೆ ಸಿಗದೆ, ತೊಗಟೆಯ ಸಣ್ಣ ಪಟ್ಟಿಯೊಂದು ಉಳಿದಿತ್ತು. ಅಕ್ಕೋರು ಅದಕ್ಕೆ ಕೆನ್ನೆ ಒತ್ತಿ ನಿಂತುಬಿಟ್ಟರು. ಮಿಲ್ಲಿನ ಯಜಮಾನ ಮೆಲ್ಲಗೆ, "ಮಾಹೇರ್ಚಾ ಆಹೇ ಕಾ?" ಎಂದ, ತವರುಮನೆಯದಾ ಎಂದು. "ಹೋ!" ಎಂದು ಹೌದೆಂದರು ಅಕ್ಕೋರು ಕಣ್ಣೊರೆಸಿಕೊಳ್ಳುತ್ತ. ಆತ ತಾನೇ ನಿಂತು ತುಂಡು ಕೊಯ್ದು ಕೊಟ್ಟ.

ನಮ್ಮ ಹಿಂದಿನ ಟೇಬಲ್ಲಿನಲ್ಲೇ ಮರಳುಕಾಗದ ಹಾಕಿ ಉಜ್ಜಲು ಕೂತರು. ಗೆರೆಗಳು ಒಂದೊಂದಾಗಿ ಎದ್ದವು. ಕಾಡಿನ ಕಡ್ಡಿಗಳ ಗೆರೆಗಳನ್ನು ಗುರುತಿಸಿದ ಕಾಗದದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಸರಿಸುತ್ತ ಹೋದರು. ಸಣ್ಣದಕ್ಕೆ ಸಣ್ಣದು, ದಪ್ಪಕ್ಕೆ ದಪ್ಪ, ಮತ್ತೆ ಸಣ್ಣದಕ್ಕೆ ಸಣ್ಣದು... "ಕೂಡ್ತು! ತಂಗಿ, ಕೂಡ್ತು!" ನನ್ನ ಎರಡೂ ಕೈ ಹಿಡಿದು ಕುಣಿದರು. ತಪ್ಪಿತಸ್ಥನಂತೆ ಮೂಲೆಯಲ್ಲಿ ನಿಂತಿದ್ದ ಅಪ್ಪನೂ ಕುಣಿದರು ಎಂದು ಹೇಳಿದರೆ ಕುಂದಾಪುರದಲ್ಲಿ ಯಾರೂ ನಂಬಲಾರರು.

ಕೆಲವು ತಿಂಗಳ ನಂತರ ಅವರು ಮತ್ತೆ ಬಂದು ಅದೇ ಟೇಬಲ್ಲಿನಲ್ಲಿ ಕೂತು, ಮಾವಿನ ಮಿಲ್ಕ್‌ಶೇಕ್ ತರಲು ಹೇಳಿದರು. ನಾನೂ ಅಪ್ಪನೂ ಮುಖಮುಖ ನೋಡಿಕೊಂಡೆವು. "ಹವಳ ಹೂಂ ಅಂತು!" ಎಂದರು. "ಹಳೇ ಬ್ಯಾಸಿಗಿನೂ ಅಲ್ಲಿನ ಸಮುದ್ರಕ್ಕ ಕೂಡಿ ಬಂದಾವ. ಎಲ್ಲಾ ಅಲ್ಲ, ಭಾಳಷ್ಟು." ಸ್ಟ್ರಾವನ್ನು ಸ್ಟ್ರಾದಂತೆ ಅವರು ಬಳಸಿದ್ದನ್ನು ನಾವು ನೋಡಿದ್ದು ಅದೊಂದೇ ಸಲ.

ಹೋದ ಮಾರ್ಚಿನಲ್ಲಿ ಅವರಿಂದ ಫೋನು ಬರಲಿಲ್ಲ. ನಾನೇ ಸಂಭಾಜಿನಗರಕ್ಕೆ ಹೋದೆ. ಕಾಯಿಲೆ ಅವರನ್ನು ಹಾಸಿಗೆಗೆ ಅಂಟಿಸಿತ್ತು, ಆದರೆ ಬಾಯಿಯನ್ನಲ್ಲ. "ಸಮುದ್ರ ಕಾದದ ತಂಗಿ. ಈ ವರ್ಷದ ಗೆರಿ ಸಣ್ಣದಾಗ್ತದ, ಬರೆದಿಟ್ಕೊ. ಮಳಿ ಮುಗಿಯೋ ತನಕ ಗೆರಿ ಪೂರಾ ಆಗಂಗಿಲ್ಲ. ಅಲ್ಲಿ ತನಕ ನಾ ಇರಂಗಿಲ್ಲ. ನೀ ನೋಡಿ ಹೇಳು."

"ಯಾರಿಗೆ ಹೇಳಲಿ ಅಕ್ಕೋರೆ?" ಎಂದೆ.

"ಅಣ್ಣಾರಿಗೆ ಹೇಳು. ನನ್ನ ಮಾತು ಕೇಳಿ ಮಜ್ಜಿಗಿ ಮಾಡ್ದವ್ರು ಅವರೊಬ್ಬರೇ!" ಎಂದು ನಕ್ಕರು.

ಮಳೆಗಾಲ ಮುಗಿಯುವ ಮೊದಲೇ ಅಕ್ಕೋರು ಹೋದರು.

ಚಳಿ ಶುರುವಾದಾಗ ಅವರ ವಿದ್ಯಾರ್ಥಿನಿ ವೈಶಾಲಿ ಅದೇ ಬೈರಿಗೆ ಹಿಡಿದು ನಾಶಿಕ್‌ಗೆ ಬಂದಳು. ಇಬ್ಬರೂ ಪೇಠ್‌ಗೆ ಹೋದೆವು. ಅಕ್ಕೋರ ನೆಚ್ಚಿನ ಮರಕ್ಕೆ ಅವಳು ಬೈರಿಗೆ ತಿರುಗಿಸಿದಳು, ನಾನು ಸ್ಟ್ರಾ ಹಿಡಿದು ನಿಂತೆ. ಕಡ್ಡಿ ಹೊರಬಂತು. ತೊಗಟೆಗಂಟಿದ ಕೊನೆಯ ಗೆರೆಯನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು.

ದಪ್ಪ! ಪಕ್ಕದ ಗೆರೆಗಳಿಗಿಂತ ಎದ್ದು ಕಾಣುವಷ್ಟು ದಪ್ಪ!

"ತಪ್ಪಿದ್ರು! ಅಕ್ಕೋರು ತಪ್ಪಿದ್ರು!" ಎಂದು ಕಾಡೆಲ್ಲ ಕೇಳುವಂತೆ ಕೂಗಿದೆ. ಫೋನು ತೆಗೆದು, ಹೆಸರು ಹುಡುಕಿ, ಒತ್ತಿಯೂಬಿಟ್ಟೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಮರಾಠಿಯಲ್ಲಿ ಹೇಳಿದಾಗಲೇ ನಾನು ಯಾರಿಗೆ ಫೋನು ಮಾಡಿದೆನೆಂದು ನನಗೆ ತಿಳಿದದ್ದು.