ತೆರೆಯ ಮೇಲೆ ಚೆಲ್ಲಿದ ನೀರು

ಸಿನಿಮಾದ ನಾಯಕನ ಜೀಪು ಗುದ್ದಿದ ರಭಸಕ್ಕೆ ನೀರಿನ ಟ್ಯಾಂಕರ್ ಉರುಳಿಬಿದ್ದು, ನೀರೆಲ್ಲ ರಸ್ತೆಗೆ ಹರಿಯಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಸೊಸೆ "ಅಯ್ಯೋ, ನೀರು" ಎನ್ನುತ್ತ ಎದ್ದು ನಿಂತಳು. ಹಿಂದಿನ ಸಾಲಿನಿಂದ ಯಾರೋ, "ಅಕ್ಕಾ, ಕೊಡ ತಂದಿದ್ರ ಹಿಡೀರಿ ಮತ್ತ" ಎಂದರು. ಆದರೆ ಯಾರೂ ನಗಲಿಲ್ಲ.

ಆ ಬರಗಾಲದಲ್ಲಿ ಔರಾದಿನ ಕಡೆಯ ಅವಳ ತವರೂರಿನ ಅರ್ಧದಷ್ಟು ಜನ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಉಳಿದವರು ಟ್ಯಾಂಕರಿನ ದಾರಿ ಕಾಯುತ್ತಿದ್ದರು. ಅವಳ ಮನಸ್ಸು ಹಗುರಾಗಲೆಂದೇ ಮನೆಮಂದಿಯೆಲ್ಲ ಬೀದರಿನ ಟಾಕೀಸಿಗೆ ಹೋಗಿದ್ದೆವು.

ಆದರೂ ನನಗೆ ಸೋಜಿಗವೆನಿಸಿತು. ಅದುವರೆಗೆ ತೆರೆಯ ಮೇಲೆ ಹೆಣಗಳು ಸಾಲಾಗಿ ಉರುಳುವಾಗ ಅವಳು ನಿಶ್ಚಿಂತೆಯಿಂದ ಶೇಂಗಾ ಸುಲಿಯುತ್ತಿದ್ದಳು. ಕಣ್ಣು ತುಂಬಿಕೊಂಡು ಮತ್ತೆ ಕುಳಿತವಳನ್ನು ಮೆಲ್ಲನೆ ಕೇಳಿದೆ: "ಇಷ್ಟು ಮಂದಿ ಸತ್ತರ ಸುಮ್ಮಕಿದ್ದಿ, ನೀರು ಚೆಲ್ಲಿದ್ರ ಅಳ್ತೀಯೇನವ್ವಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾವಾರ, ಸತ್ತವರು ಎದ್ದು ಮನಿಗೆ ಹೋಗಿರ್ತಾರ್ರಿ. ನೀರು ಖರೇನೇ ಚೆಲ್ಯಾರಲ್ರಿ."

ಎರಡು ಕೊಡ ನೀರಿನಲ್ಲಿ ಮಿಂದ ಮೇಲೆಯೇ ಲಿಂಗಪೂಜೆಗೆ ಕೂರುವುದು ನಾನು ಬಾಲ್ಯದಿಂದ ಪಾಲಿಸಿಕೊಂಡು ಬಂದ ನಿಯಮ. ಮರುದಿನ ಬೆಳಿಗ್ಗೆ ತುಂಬಿದ ಕೊಡಗಳ ಮುಂದೆ ಬಹಳ ಹೊತ್ತು ನಿಂತೆ. ಕೊನೆಗೆ ಒದ್ದೆ ವಸ್ತ್ರದಿಂದ ಮೈಯೊರೆಸಿಕೊಂಡು ಇಷ್ಟಲಿಂಗವನ್ನು ಅಂಗೈಗೆ ತಂದುಕೊಂಡೆ. ಅಪಚಾರವಾದದ್ದು ಅಂದಿನ ಪೂಜೆಯಲ್ಲೋ, ಅದಕ್ಕೆ ಮುಂಚಿನ ದಿನಗಳ ಪೂಜೆಯಲ್ಲೋ, ಇಂದಿಗೂ ನನಗೆ ತಿಳಿದಿಲ್ಲ.