ಅಜ್ಜಿ ಕೇಳಿದ ಸೀತನಿ

ಹೊಟ್ಟೆಬೇನೆಗೆ ಬೇಸತ್ತ ನಮ್ಮಜ್ಜಿ "ಸಾಕಾತು, ಇನ್ನ ನಾನಾಗೇ ಹೋಗ್ತೇನಿ" ಎಂದು ಅನ್ನ ಬಿಟ್ಟಾಗ ಕೌಜಲಗಿಯ ನಮ್ಮ ಮನೆಯಲ್ಲಿ ಹಬ್ಬದ ಸಡಗರ. ಹೀಗೆ ಅನ್ನ ಬಿಟ್ಟು ಸಾಯುವವಳು ಪುಣ್ಯವಂತೆ ಎಂದು ಮಸಗುಪ್ಪಿಯ ನೆಂಟರು ಬಂಡಿ ಕಟ್ಟಿಕೊಂಡು ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ಕೂಡಿಸಿ ಹೂಳಲು ಹೊಲದಲ್ಲಿ ಕುಣಿಯೂ ತಯಾರಾಗಿತ್ತು. ಇಂಥ ಅಜ್ಜಿಯ ಮೊಮ್ಮಗಳೆಂದು ನಾನು ಓಣಿ ತುಂಬ ಜಿಗಿದಾಡಿದೆ.

ಆಗ ಹಿತ್ತಲಲ್ಲಿ ಯಾರೋ ಹಸಿ ಜೋಳದ ತೆನೆ ಸುಟ್ಟರು. ಆ ವಾಸನೆಗೆ ಅಜ್ಜಿ ಕಣ್ಣು ತೆರೆದಳು. "ಒಂದು ಹಿಡಿ ಸೀತನಿ ತಾರವ್ವಾ" ಎಂದಳು ನನಗೆ.

"ಊರಿಗೆಲ್ಲಾ ಗೊತ್ತಾಗೇತಿ, ಯವ್ವಾ. ಈಗ ತಿಂದರ ಮಂದಿ ಏನಂದಾರು?" ಎಂದು ಕಾಕಾ ಸಿಡುಕಿದ.

"ಸಾಯಾಕ ನಿನ್ನ ಕೇಳಿದ್ನೇನು? ತಿನ್ನಾಕ ಯಾಕ ಕೇಳ್ಲಿ?"

ನಾನು ಓಡಿಹೋಗಿ ಉಡಿ ತುಂಬ ತಂದೆ. ಅಜ್ಜಿ ಒಂದೊಂದೇ ಕಾಳು ಬಾಯಿಗಿಟ್ಟು ಜಗಿದಳು. ಸಂಜೆಯೊಳಗೆ ನೆಂಟರು ಬಂಡಿ ಹೂಡಿದರು. ಹೋಗುವಾಗ ಅವಳ ಕಾಲಿಗೆ ಒಬ್ಬರೂ ಬೀಳಲಿಲ್ಲ.