ಮುಡಿಪು ಹಿಡಿಯದ ರತ್ನತ್ತೆ

ಪಕ್ಕದ ಮನೆಯಾಕೆ ತಿರುಪತಿಗೆ ಹೊರಟಿದ್ದಾರೆ. ಅವರ ಕೈಲಿ ಮುಡಿಪು ಕಳಿಸೋಣವೆಂದು ಬಟ್ಟೆಯ ತುಂಡೊಂದನ್ನು ಅರಿಸಿನದ ನೀರಿಗೆ ಅದ್ದಿದೆ ನೋಡಿ, ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿದ್ದೆ. ಎಂಬತ್ತರ ದಶಕ, ನನಗೆ ಕಾಲೇಜಿನ ವಯಸ್ಸು, ಎದುರಿಗೆ ನನ್ನ ಸೋದರತ್ತೆ ರತ್ನತ್ತೆ.

ಅತ್ತೆಯದು ತುಂಬಿದ ಸಂಸಾರ. ಮಾವ ಕೋರಮಂಡಲ್‌ನಲ್ಲಿ ಚಿನ್ನದ ಗಣಿಯೊಳಗೆ ಇಳಿದು ದುಡಿದವರು, ನಿವೃತ್ತರಾಗಿ ಬೂದಿಕೋಟೆ ಪಕ್ಕದ ಊರಿಗೆ ಬಂದಿದ್ದರು. ಹಸು, ಸೊಸೆಯರು, ಮೊಮ್ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಹಿಂದಿನ ವರ್ಷ ಗಣಿ ಕಾಲದ ತಮಿಳು ಗೆಳತಿಯರ ಜೊತೆ ತಿರುವಣ್ಣಾಮಲೆಗೆ ಹೋಗಿ ಬೆಟ್ಟ ಸುತ್ತಿ ಬಂದಳು, ಅಷ್ಟೇ. ಅಲ್ಲಿಂದೀಚೆಗೆ ಹಾಲು ಕರೆಯುತ್ತಾ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಗಾಳಿ ಸೋಕಿದೆಯೆಂದು ಸೊಸೆಯರು ನಿಂಬೆಹಣ್ಣು ನಿವಾಳಿಸಿದರು, ಅದಕ್ಕೂ ನಕ್ಕಳು. ಮತ್ತೆ ಅಲ್ಲಿಗೇ ಹೊರಟೆ ಎಂದಾಗ ಯಾರೂ ತಕರಾರು ತೆಗೆಯಲಿಲ್ಲ. ಯಾತ್ರೆ ತಾನೇ, ವಾರದಲ್ಲಿ ಬರುತ್ತಾಳೆ ಎಂದುಕೊಂಡೆವು.

ಪ್ಲಾಟ್‌ಫಾರಮ್ಮಿಗೆ ಅರ್ಧ ಊರೇ ಬಂದಿತ್ತು. ಯಾತ್ರೆಗೆ ಹೊರಟವರ ಕೈಗೆ ಅರಿಸಿನದ ಬಟ್ಟೆಯಲ್ಲಿ ಹರಕೆಯ ಕಾಸು ಕಟ್ಟಿದ ಮುಡಿಪು ಕೊಡುವುದುಂಟಲ್ಲ. ಒಯ್ದವರು ತಿರುಗಿ ಬಂದು ಪ್ರಸಾದ ಕೊಡಲೇಬೇಕು. ಕಾಮಸಮುದ್ರದ ಚಿಕ್ಕಮ್ಮ ಮಗಳ ಮದುವೆಗೆಂದು ಕಟ್ಟಿ ತಂದಿದ್ದಳು. ನಾನೂ ಪರೀಕ್ಷೆ ಪಾಸಾಗಲೆಂದು ಒಂದು ಕಟ್ಟಿದ್ದೆ. ಓದುವುದಕ್ಕಿಂತ ಅದು ಸುಲಭವಿತ್ತು. ಅತ್ತೆ ಒಂದನ್ನೂ ತೆಗೆದುಕೊಳ್ಳಲಿಲ್ಲ. ನನ್ನದನ್ನು ನನ್ನ ಅಂಗೈಗೇ ಒತ್ತಿದಳು.

"ಬೇಡಿದ್ದೆಲ್ಲಾ ಕೊಟ್ಟವ್ನೆ ಕಣೇ. ಕೊಟ್ಟೋನು ಯಾರು ಅಂತ ನೋಡ್ಬೇಕು, ಅದಕ್ಕೇ ಓಗ್ತಾ ಇವ್ನಿ."

ಆಗ ಎಲ್ಲರಿಗೂ ಅರ್ಥವಾಯಿತು. ಮುಡಿಪು ಬೇಡವೆಂದರೆ ಅವಳು ತಿರುಗಿ ಬರುವವಳಲ್ಲ. ಸೊಸೆಯರು ಗೊಳೋ ಎಂದರು, ದೊಡ್ಡ ಮಗ ಚೀಲ ಕಿತ್ತುಕೊಂಡ. ಗಾಡಿ ಬಂದು ನಿಂತಿತು. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಾವನ ಮುಖ ನೋಡಿದಳು. ಅವರು ಬೇಡ ಅಂದಿದ್ದರೆ ಉಳಿದುಬಿಡುತ್ತಿದ್ದಳು. ಅಯ್ಯೋ, ನನ್ನ ಎದೆ ಹೊಡೆದುಕೊಂಡದ್ದು ಏನು ಹೇಳಲಿ! ಮಾವ ಮಗನ ಕೈಯಿಂದ ಚೀಲ ತೆಗೆದು ಬೋಗಿಯೊಳಗಿಟ್ಟರು.

"ನಾನು ಗಣಿಗೆ ಇಳ್ಯೋವಾಗೆಲ್ಲಾ ನೀನು ಬಾಗ್ಲಾಗೆ ನಿಂತು ಕಳಿಸ್ದೆ, ಬತ್ತೀನೋ ಇಲ್ವೋ ಗೊತ್ತಿಲ್ದೆ. ಇವತ್ತು ನಾನು ನಿಂತ್ಕೋತೀನಿ. ಓಗು."

ಗಾಡಿ ಕಣ್ಮರೆಯಾಗುವವರೆಗೂ ಅತ್ತೆ ಬಾಗಿಲಲ್ಲಿ ನಿಂತು ಸ್ಕೂಲು ಹುಡುಗಿಯಂತೆ ಕೈಬೀಸಿದಳು. ಆಮೇಲೆ ಬೆಟ್ಟದ ಬುಡದಲ್ಲೇ ಉಳಿದುಬಿಟ್ಟಳು. ನೋಡಿ ಬಂದವರೆಲ್ಲ, ಈಗಲೂ ನಗುತ್ತಾಳೆ ಎನ್ನುತ್ತಿದ್ದರು.

ಅವತ್ತು ಎಲ್ಲರೂ ಅಳುತ್ತಿದ್ದಾಗ ನನಗೆ ಅದೇ ಗಾಡಿಗೆ ಹತ್ತಿಬಿಡಬೇಕೆನಿಸಿತ್ತು. ವಯಸ್ಸಿನ ಹುಚ್ಚು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನನಗೆ ಅತ್ತೆಯ ಆಗಿನ ವಯಸ್ಸು, ಇದನ್ನು ಹೇಳುತ್ತಿದ್ದರೆ ಎದೆ ಮತ್ತೆ ಹಾಗೇ ಹೊಡೆದುಕೊಳ್ಳುತ್ತಿದೆ. ಒಳಗಿನಿಂದ ನಮ್ಮ ಯಜಮಾನರು ಕಾಫಿ ಕೇಳುತ್ತಿದ್ದಾರೆ. ಸ್ವಲ್ಪ ಕಾಯಲಿ.